ಜೀವಕೋಶದ ಮಾತು ಕೇಳುವ ಕೆಲಸ
(ಅರಕೆರೆಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಟ್ರಸ್ಟಿನ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ದಾನಿಗಳಿಗೆ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಬೆಳಗ್ಗೆಯೇ ಬಸ್ಸು ಹಿಡಿದು ಬಂದಿರುವ ತಂದೆತಾಯಂದಿರಿಗೆ, ಇವತ್ತು ಚೆಕ್ ಪಡೆಯಲಿರುವ ಮಕ್ಕಳಿಗೆ ನನ್ನ ಸಲಾಂ. ಕಾರ್ಯದರ್ಶಿಗಳು ಫೋನ್ ಮಾಡಿ, "ನಿಮ್ಮ ಸಬ್ಜೆಕ್ಟಿನ ಬಗ್ಗೆಯೇ ಮಾತಾಡಿ ಮೇಡಂ, ಆದರೆ ಹಿಂದಿನ ಸಾಲಿನಲ್ಲಿ ಕೂತ ತಾಯಂದಿರಿಗೂ ಅರ್ಥವಾಗಬೇಕು" ಎಂದರು. ಹಿಂದಿನ ಸಾಲಿನ ತಾಯಂದಿರಿಗೆ ನನ್ನ ಸಬ್ಜೆಕ್ಟು ಮೊದಲೇ ಗೊತ್ತು. ರಾತ್ರಿ ಎರಡು ಗಂಟೆಗೆ ಮಗುವಿಗೆ ಭೇದಿ ಶುರುವಾದಾಗ ಅದನ್ನು ಎತ್ತಿಕೊಂಡು ಕೂತವರು ಅವರೇ ತಾನೆ. ಊಟಕ್ಕೆ ಮುಂಚೆ ಭೇದಿಯ ಮಾತೇ ಎಂದು ಬೇಸರ ಮಾಡಿಕೊಳ್ಳಬೇಡಿ. ಬಿರಿಯಾನಿಯ ದಮ್ಮು ಬಿಚ್ಚುವಷ್ಟರಲ್ಲಿ ಆ ಭಾಗ ಮುಗಿಸುತ್ತೇನೆ.

ನಾನು ಓದಿದ್ದು ಮಾಲಿಕ್ಯುಲಾರ್ ಬಯಾಲಜಿ, ಕನ್ನಡದಲ್ಲಿ ಅಣು ಜೀವಶಾಸ್ತ್ರ. ಅದರೊಳಗೆ ಒಂದು ಸಣ್ಣ ಮೂಲೆ, ಸೆಲ್ ಸಿಗ್ನಲಿಂಗ್. ನಮ್ಮ ಮೈಯಲ್ಲಿ ಮೂವತ್ತು ಲಕ್ಷ ಕೋಟಿಗೂ ಹೆಚ್ಚು ಜೀವಕೋಶಗಳಿವೆ. ಪ್ರತಿಯೊಂದಕ್ಕೂ ಒಂದು ಪೊರೆ, ಮನೆಗೆ ಗೋಡೆ ಇದ್ದ ಹಾಗೆ. ಹೊರಗಿನ ಸುದ್ದಿ ಒಳಗೆ ತಲುಪದಿದ್ದರೆ ಮನೆ ನಡೆಯುವುದಿಲ್ಲ. ಊಟ ಬಂತು, ಸಕ್ಕರೆ ಒಳಗೆ ತೆಗೆದುಕೋ, ಗಾಯವಾಗಿದೆ, ಬೆಳೆ, ಸಾಕು, ಬೆಳೆಯುವುದು ನಿಲ್ಲಿಸು. ಇಂಥ ಸುದ್ದಿಗಳು ರಕ್ತದಲ್ಲಿ, ಕರುಳಿನಲ್ಲಿ, ನರದಲ್ಲಿ ಓಡಾಡುತ್ತಲೇ ಇರುತ್ತವೆ. ಅವನ್ನು ಹಿಡಿಯಲು ಗೋಡೆಯಲ್ಲಿ ರಿಸೆಪ್ಟರ್ ಎಂಬ ಪ್ರೋಟೀನುಗಳಿವೆ. ಕಾಲಿಂಗ್ ಬೆಲ್ ನೆನಪಿಸಿಕೊಳ್ಳಿ. ಗುಂಡಿ ಹೊರಗೆ, ಗಂಟೆ ಒಳಗೆ. ಒತ್ತಿದವರು ಬೀದಿಯಲ್ಲೇ ನಿಂತಿರುತ್ತಾರೆ, ಸದ್ದು ಮಾತ್ರ ಅಡುಗೆಮನೆವರೆಗೆ ಹೋಗುತ್ತದೆ. ಹಾಗೆ ಒಳಗೆ ಸುದ್ದಿ ಒಯ್ಯುವ ಸಣ್ಣ ಅಣುವನ್ನು ಮೊದಲು ಕಂಡುಹಿಡಿದ ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು.

ಕಾಯಿಲೆ ಎಂದು ನಾವು ಕರೆಯುವುದರಲ್ಲಿ ಬಹಳಷ್ಟು ಈ ಬೆಲ್ಲಿನ ತೊಂದರೆಯೇ. ನಡುವಯಸ್ಸಿನಲ್ಲಿ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಗುಂಡಿ ಒತ್ತುತ್ತಲೇ ಇರುತ್ತದೆ, ಒಳಗೆ ಗಂಟೆಯ ಸದ್ದು ಕ್ಷೀಣ. ಹಲವು ಬಗೆಯ ಕ್ಯಾನ್ಸರಿನಲ್ಲಿ ಗುಂಡಿಯ ಮೇಲೆ ಯಾರ ಕೈಯೂ ಇಲ್ಲ, ಆದರೂ 'ಬೆಳೆ, ಬೆಳೆ' ಎಂದು ಗಂಟೆ ಬಾರಿಸುತ್ತಲೇ ಇರುತ್ತದೆ. ಭೇದಿಯಲ್ಲಿ ಗುಂಡಿ ಒತ್ತುವವನು ಕಳ್ಳ.

ಆ ಕಳ್ಳನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರ ಒಂದು ದೊಡ್ಡ ಭಾಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ನಾವು ದಿನಕ್ಕೆ ಎರಡು ಲೀಟರ್ ನೀರು ಕುಡಿದರೂ ನಮ್ಮ ಸಣ್ಣ ಕರುಳಿಗೆ ಬರುವುದು ಎಂಟೊಂಬತ್ತು ಲೀಟರ್. ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ, ಕರುಳಿನದೇ ನೀರು. ಅಷ್ಟನ್ನೂ ಕರುಳು ಮತ್ತೆ ಹೀರಿಕೊಳ್ಳುತ್ತದೆ. ಮಲದಲ್ಲಿ ಹೋಗುವುದು ಒಂದು ಲೋಟಕ್ಕಿಂತ ಕಡಿಮೆ. ನಾಲೆಯ ತೂಬು ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು ಎಂದು ನೀರುಗಂಟಿ ನೋಡಿಕೊಳ್ಳುವ ಹಾಗೆ ಇಲ್ಲೂ ಒಂದು ಲೆಕ್ಕಾಚಾರ ನಡೆಯುತ್ತಿರುತ್ತದೆ. ಕರುಳಿನ ಒಳಗೋಡೆಯ ಕೋಶಗಳ ಮೇಲೆ ಗ್ವಾನಿಲಿಲ್ ಸೈಕ್ಲೇಸ್ ಸಿ ಎಂಬ ರಿಸೆಪ್ಟರ್ ಇದೆ. ಹೆಸರು ಉದ್ದ, ಜಿಸಿ-ಸಿ ಎಂದರೆ ಸಾಕು. ನಮ್ಮ ದೇಹವೇ ತಯಾರಿಸುವ ಗ್ವಾನಿಲಿನ್, ಯೂರೋಗ್ವಾನಿಲಿನ್ ಎಂಬ ಸಣ್ಣ ಹಾರ್ಮೋನುಗಳು ಈ ಗುಂಡಿಯನ್ನು ಮೆಲ್ಲಗೆ ಒತ್ತುತ್ತವೆ. ಒಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶದ ಅಣು ಹುಟ್ಟುತ್ತದೆ, ಅದು ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ಆ ಪ್ರೋಟೀನು ಕ್ಲೋರೈಡಿನ ಬಾಗಿಲು ತೆರೆಯುತ್ತದೆ. ಉಪ್ಪಿನ ಅಂಶವಾದ ಕ್ಲೋರೈಡ್ ಹೊರಟರೆ ಅದರ ಹಿಂದೆ ನೀರು ಹೊರಡುತ್ತದೆ. ಕರುಳು ಬೇಕಾದಷ್ಟೇ ತೇವವಾಗಿರುತ್ತದೆ.

ಈಗ ಕೆಟ್ಟ ನೀರಿನ ಜೊತೆ ಒಂದು ಜಾತಿಯ ಇ. ಕೋಲಿ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಯಿತು ಅಂದುಕೊಳ್ಳಿ. ಅದು ಒಂದು ವಿಷ ತಯಾರಿಸುತ್ತದೆ. ಹದಿನೆಂಟೋ ಹತ್ತೊಂಬತ್ತೋ ಅಮೈನೋ ಆಮ್ಲಗಳ ಪುಟ್ಟ ಸರ ಅದು. ಕುದಿಸಿದರೂ ಈ ವಿಷ ಸುಲಭವಾಗಿ ಹಾಳಾಗುವುದಿಲ್ಲ, ಅದಕ್ಕೇ ಶಾಖ ತಾಳುವ ವಿಷ ಎಂಬ ಹೆಸರು. (ನೀರು ಕುದಿಸುವುದು ವ್ಯರ್ಥ ಎಂದು ಮನೆಗೆ ಹೋಗಿ ಹೇಳಬೇಡಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ವಿಷ ಮಾಡುವವನೇ ಇಲ್ಲದಿದ್ದರೆ ಕರುಳಿನಲ್ಲಿ ವಿಷ ಹುಟ್ಟುವುದೆಲ್ಲಿಂದ?) ಈ ವಿಷದ ಆಕಾರ ನಮ್ಮದೇ ಗ್ವಾನಿಲಿನ್ ಹಾರ್ಮೋನನ್ನು ಹೋಲುತ್ತದೆ. ಅದು ಬಂದು ಗುಂಡಿ ಒತ್ತುತ್ತದೆ, ಒತ್ತಿ ಹಿಡಿಯುತ್ತದೆ. ಬಾಗಿಲು ತೆರೆದೇ ಉಳಿಯುತ್ತದೆ. ನೀರು ಹರಿಯುತ್ತದೆ.

ಹಳೆಯ ಕಾಲದವರು ಭೇದಿಯಾದ ಮಗುವಿಗೆ ನೀರು ಕೊಡಬೇಡಿ, ಇನ್ನೂ ಹೆಚ್ಚಾಗುತ್ತದೆ ಎನ್ನುತ್ತಿದ್ದರು. ಇದು ತಪ್ಪು ಏಕೆ ಎಂಬುದು ಈಗ ನಿಮಗೇ ಗೊತ್ತಾಗಿರಬೇಕು. ಹೋಗುತ್ತಿರುವ ನೀರು ನಾವು ಕುಡಿಸಿದ ನೀರಲ್ಲ, ಮಗುವಿನ ರಕ್ತದ ನೀರು. ಅದೃಷ್ಟಕ್ಕೆ ಅದೇ ಕೋಶದಲ್ಲಿ ಇನ್ನೊಂದು ಬಾಗಿಲಿದೆ. ಸಕ್ಕರೆಯನ್ನೂ ಉಪ್ಪಿನ ಸೋಡಿಯಮ್ಮನ್ನೂ ಜೊತೆಯಾಗಿ ಒಳಗೆ ಎಳೆದುಕೊಳ್ಳುವ ಬಾಗಿಲು ಅದು. ವಿಷ ಅದನ್ನು ಕೆಡಿಸುವುದಿಲ್ಲ. ಓಆರ್‌ಎಸ್ ಪೊಟ್ಟಣದ ಗುಟ್ಟು ಇಷ್ಟೇ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಹೊತ್ತಿಗೆ ಬಂಗಾಳದ ಬೊನಗಾಂವ್ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಅವರು ಡ್ರಮ್ಮುಗಳಲ್ಲಿ ಈ ನೀರು ಕಲಸಿ ಇಟ್ಟು, ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ನೂರಕ್ಕೆ ಮೂರ್ನಾಲ್ಕಕ್ಕೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಅದರ ಮಾರನೆಯ ವರ್ಷ. ಕಾಲರಾದ ಬ್ಯಾಕ್ಟೀರಿಯಾ ಕೊಲ್ಲುವುದು ತಾನು ಬಿಡುವ ವಿಷದಿಂದ ಎಂದು ಅದಕ್ಕೂ ಮುಂಚೆ, 1959ರಲ್ಲಿ, ಕಲ್ಕತ್ತೆಯಲ್ಲಿ ತೋರಿಸಿಕೊಟ್ಟವರು ಶಂಭುನಾಥ ಡೇ. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಎಷ್ಟು ದೊಡ್ಡದಾಗಿ ಇರಬೇಕಿತ್ತೋ ಅಷ್ಟು ಇಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವಲ್ಲಿ, ಪ್ರೊ. ಸಂಧ್ಯಾ ವಿಶ್ವೇಶ್ವರಯ್ಯ ಅವರ ಪ್ರಯೋಗಾಲಯವಿದೆ. ಹೆಸರು ಕೇಳಿ ನಿಮಗೆ ಕನ್ನಂಬಾಡಿ ಕಟ್ಟೆ ನೆನಪಾದರೆ ಆಶ್ಚರ್ಯವಿಲ್ಲ. ಇವರೂ ಒಂದು ರೀತಿಯಲ್ಲಿ ನೀರು ನಿಲ್ಲುವುದು, ಹರಿಯುವುದನ್ನೇ ನೋಡುವವರು. 1990ರ ದಶಕದ ಆರಂಭದಿಂದ ಅವರು ಈ ಒಂದು ರಿಸೆಪ್ಟರಿನ ಬೆನ್ನು ಹತ್ತಿದ್ದಾರೆ. ವಿಷ ಬಂದು ಎಲ್ಲಿ ಅಂಟಿಕೊಳ್ಳುತ್ತದೆ, ಅಂಟಿಕೊಂಡ ಸುದ್ದಿ ಗೋಡೆ ದಾಟಿ ಒಳಗೆ ಹೇಗೆ ಹೋಗುತ್ತದೆ, ಹುಟ್ಟಿದ ಸೈಕ್ಲಿಕ್ ಜಿಎಂಪಿಯನ್ನು ಅಳಿಸುವವರು ಯಾರು. ಗಮನಿಸಿ, ಇವು ಔಷಧಿ ಮಾಡುವ ಪ್ರಶ್ನೆಗಳಲ್ಲ. ಬೆಲ್ಲಿನ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಗೋಡೆ ತಡಕುವ ಪ್ರಶ್ನೆಗಳು. ಆ ಕಾಲದಲ್ಲಿ ಯಾರಾದರೂ ದಾನಿಗಳು ಬಂದು "ಇದರಿಂದ ಯಾರಿಗೆ ಏನು ಉಪಯೋಗ?" ಎಂದು ಕೇಳಿದ್ದರೆ ಒಂದೇ ಮಾತಿನ ಉತ್ತರ ಸಿಗುತ್ತಿರಲಿಲ್ಲ.

ಉತ್ತರ ಬಂದದ್ದು ನಾರ್ವೆಯಿಂದ. ಅಲ್ಲಿನ ಬರ್ಗೆನ್ ನಗರದ ವೈದ್ಯರ ಬಳಿ ಒಂದು ದೊಡ್ಡ ಕುಟುಂಬ ಬಂತು. ಒಂದೇ ಮನೆತನದಲ್ಲಿ 32 ಜನರಿಗೆ ಚಿಕ್ಕಂದಿನಿಂದ ಬಿಡದ ಭೇದಿ. ಸೋಂಕಿಲ್ಲ, ಕೆಟ್ಟ ನೀರಿಲ್ಲ. ಜೀನು ಹುಡುಕಿದಾಗ ಸಿಕ್ಕಿದ್ದು ಜಿಸಿ-ಸಿ ರಿಸೆಪ್ಟರಿನಲ್ಲಿ ಒಂದು ಅಕ್ಷರದ ಬದಲಾವಣೆ. ಈ ರಿಸೆಪ್ಟರ್ 1,073 ಅಮೈನೋ ಆಮ್ಲಗಳ ಸರ. ಅದರಲ್ಲಿ 840ನೆಯ ಮಣಿ ಒಂದು ಮಾತ್ರ ಬೇರೆ. ಆದರೆ ಬದಲಾವಣೆ ಸಿಕ್ಕಿತು ಎಂದ ಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ. ಆ ಬದಲಾದ ರಿಸೆಪ್ಟರನ್ನು ಕೋಶಗಳಲ್ಲಿ ತಯಾರಿಸಿ, ಗುಂಡಿ ಒತ್ತಿ, ಗಂಟೆ ಎಷ್ಟು ಜೋರಾಗಿ ಬಾರಿಸುತ್ತದೆ ಎಂದು ಅಳೆಯಬೇಕು. ಅದನ್ನು ಅಳೆಯುವ ವಿದ್ಯೆ ವರ್ಷಾನುಗಟ್ಟಲೆ ಗೋಡೆ ತಡಕಿದವರ ಬಳಿ ಇತ್ತು. ಬದಲಾದ ರಿಸೆಪ್ಟರ್ ಗುಂಡಿ ಒತ್ತಿದಾಗ ಮಾಮೂಲಿಗಿಂತ ಬಹಳ ಹೆಚ್ಚು ಸೈಕ್ಲಿಕ್ ಜಿಎಂಪಿ ತಯಾರಿಸುತ್ತಿತ್ತು. 2012ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧ ಬಂತು. ನಾರ್ವೆಯವರ ಜೊತೆ ಬೆಂಗಳೂರಿನವರ ಹೆಸರುಗಳೂ ಇವೆ. ಲೇಖಕರ ಪಟ್ಟಿಯಲ್ಲಿ ಎರಡನೆಯ ಹೆಸರು ನಜ್ಲಾ ಅರ್ಷದ್, ಆಗ ಆ ಬೆಂಗಳೂರಿನ ಪ್ರಯೋಗಾಲಯದಲ್ಲಿದ್ದ ಸಂಶೋಧಕಿ. ಈ ಹೆಸರನ್ನು ಇಲ್ಲಿ ಕೂತಿರುವ ಹುಡುಗಿಯರು ಬರೆದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ನಾನಂತೂ ಅದನ್ನು ಮೊದಲ ಸಲ ಓದಿದಾಗ ಆ ಪುಟವನ್ನು ಪ್ರಿಂಟ್ ತೆಗೆದಿಟ್ಟುಕೊಂಡೆ.

ಅದೇ ವರ್ಷ ಇದಕ್ಕೆ ತದ್ವಿರುದ್ಧವಾದ ಸುದ್ದಿಯೂ ಬಂತು. ಇಸ್ರೇಲಿನ ಬೆದೂಯಿನ್ ಅರಬರ ಕೆಲವು ಕುಟುಂಬಗಳಲ್ಲಿ ಹುಟ್ಟಿದ ಕೂಸಿನ ಕರುಳು ಕಟ್ಟಿಕೊಳ್ಳುತ್ತಿತ್ತು, ಮೊದಲ ಮಲವೇ ಹೊರಗೆ ಬಾರದು. ಅಲ್ಲಿ ಇದೇ ಜಿಸಿ-ಸಿ ಕೆಲಸ ಮಾಡುತ್ತಿರಲಿಲ್ಲ. ಗುಂಡಿ ಒತ್ತಿದರೂ ಗಂಟೆಯಿಲ್ಲ, ನೀರಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿ ಬಂದಾಗ ಮಾತ್ರ ಹೀಗಾಗುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಅದರ ಸಾಧ್ಯತೆ ಹೆಚ್ಚು. ಚಿಕ್ಕಪ್ಪನ ಮಗಳು, ಸೋದರಮಾವ, ಅತ್ತೆ ಮಗ ಎಂದು ಕೊಟ್ಟು ತರುವುದು ಈ ಸೀಮೆಯಲ್ಲಿ ನಮ್ಮಲ್ಲೂ ಇದೆ, ನಮ್ಮ ನೆರೆಯವರಲ್ಲೂ ಇದೆ. ಬೇಡವೇ ಬೇಡ ಎಂದು ಭಾಷಣ ಮಾಡಲು ನಾನು ಬಂದಿಲ್ಲ. ಮನೆಯಲ್ಲಿ ಹಿಂದೆ ಇಂಥ ಮಕ್ಕಳು ಹುಟ್ಟಿದ್ದರೆ ಮದುವೆಗೆ ಮೊದಲು ಒಮ್ಮೆ ವೈದ್ಯರನ್ನು ಕೇಳಿ, ಅಷ್ಟೇ.

ವಿಷದ ಆಕಾರ ಗೊತ್ತಾದ ಮೇಲೆ ಅದನ್ನೇ ಪಳಗಿಸಿ ಔಷಧಿ ಮಾಡಿದವರೂ ಇದ್ದಾರೆ. ಲಿನಾಕ್ಲೋಟೈಡ್ ಎಂಬ ಮಾತ್ರೆ ಆ ವಿಷದ ಮಾದರಿಯಲ್ಲೇ ಕಟ್ಟಿದ ಹದಿನಾಲ್ಕು ಮಣಿಗಳ ಸರ. ಹಳೆಯ ಮಲಬದ್ಧತೆಯಿಂದ ನರಳುವವರಿಗೆ ಅದನ್ನು ಕೊಡಲು 2012ರಲ್ಲೇ ಅಮೆರಿಕ ಅನುಮತಿ ಕೊಟ್ಟಿತು. ಕಳ್ಳನನ್ನೇ ಕಾವಲಿಗೆ ಇಟ್ಟ ಹಾಗೆ. ಸಂಧ್ಯಾ ಅವರ ಪ್ರಯೋಗಾಲಯ ಕ್ಷಯದ ಬ್ಯಾಕ್ಟೀರಿಯಾದ ಒಳಗಿನ ಸಂದೇಶಗಳನ್ನೂ ನೋಡಿದೆ. ಇ. ಕೋಲಿಯಲ್ಲಿ ಸೈಕ್ಲಿಕ್ ಎಎಂಪಿ ತಯಾರಿಸುವ ಯಂತ್ರ ಒಂದೇ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಹದಿನೈದರ ಆಸುಪಾಸು. ಅಷ್ಟೊಂದು ಅದಕ್ಕೆ ಏಕೆ ಬೇಕು ಎಂಬುದರಲ್ಲಿ ಇನ್ನೂ ಎಷ್ಟೋ ಮಕ್ಕಳ ಪಿಎಚ್‌ಡಿಗೆ ಜಾಗವಿದೆ.

ಇನ್ನೊಬ್ಬರನ್ನು ನೆನೆಯದೆ ನಾನು ಈ ವೇದಿಕೆ ಇಳಿಯಲಾರೆ. ಉಬೈದ್ ಸಿದ್ದೀಕಿ. 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿದವರು, ಅಲಿಗಢದಲ್ಲಿ ಓದಿದವರು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ಮೇಲೆ ಕೆಲಸ ಶುರು ಮಾಡಿದ್ದರು. ಒಂದು ದಿನ ಆಲಿಕಲ್ಲು ಮಳೆ ಬಿದ್ದು ಪ್ರಯೋಗದ ಪೈರೆಲ್ಲ ಮಲಗಿಬಿಟ್ಟಿತು. ಇಲ್ಲಿ ಭತ್ತ, ಕಬ್ಬು ಬೆಳೆಯುವವರಿಗೆ ಅದರ ನೋವು ನಾನು ಹೇಳಬೇಕಾಗಿಲ್ಲ. ಅವರು ಗೋಧಿ ಬಿಟ್ಟು ಗ್ಲಾಸ್ಗೋಗೆ ಹೋಗಿ ಬೂಸ್ಟಿನ ಜೀನುಗಳ ಮೇಲೆ ಪಿಎಚ್‌ಡಿ ಮಾಡಿದರು, ಅಮೆರಿಕದಲ್ಲಿ ಕೆಲಸ ಮಾಡಿದರು. 1962ರಲ್ಲಿ ಹೋಮಿ ಭಾಭಾ ಅವರನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆದು, ಅಣು ಜೀವಶಾಸ್ತ್ರದ ವಿಭಾಗ ಕಟ್ಟಲು ಹೇಳಿದರು. ಬೆಂಗಳೂರಿನ ಎನ್‌ಸಿಬಿಎಸ್, ಅಂದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅವರು ಕಟ್ಟಿದ್ದು. ಅದು ಇರುವುದು ಜಿಕೆವಿಕೆ ಕ್ಯಾಂಪಸ್ಸಿನಲ್ಲಿ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಓದಿದವರಿಗೆ ಆ ಜಾಗ ಹೊಸದಲ್ಲ.

ಅವರ ಪ್ರಾಣಿ ಹಣ್ಣುನೊಣ. ನಮ್ಮ ಅಬ್ಬಾ ಬಾಳೆಹಣ್ಣಿನ ಮಂಡಿ ಇಟ್ಟಿದ್ದರು. ಮಾಗಿದ ಗೊನೆಯ ಮೇಲೆ ಗುಂಯ್ ಎನ್ನುವ ಆ ಪುಟ್ಟ ನೊಣಗಳನ್ನು ಓಡಿಸುವುದು ಬಾಲ್ಯದಲ್ಲಿ ನನ್ನ ಕೆಲಸ. ಅವನ್ನು ಸಾಕಲು ಸರ್ಕಾರ ಸಂಬಳ ಕೊಡುತ್ತದೆ ಎಂದು ಮುಂದೆ ನಾನು ಹೇಳಿದಾಗ ಅಬ್ಬಾ ನಂಬಲೇ ಇಲ್ಲ. ಸಿದ್ದೀಕಿಯವರು 1970ರ ದಶಕದಲ್ಲಿ ಅಮೆರಿಕದ ಸೀಮೋರ್ ಬೆಂಜರ್ ಜೊತೆ ಕೆಲವು ವಿಚಿತ್ರ ನೊಣಗಳನ್ನು ಅಧ್ಯಯನ ಮಾಡಿದರು. ಸ್ವಲ್ಪ ಬಿಸಿ ಏರಿಸಿದರೆ ಅವಕ್ಕೆ ಲಕ್ವ ಹೊಡೆದ ಹಾಗೆ ಬಿದ್ದುಬಿಡುತ್ತವೆ, ತಣಿಸಿದರೆ ಎದ್ದು ಓಡಾಡುತ್ತವೆ. ನರದಲ್ಲಿ ಸುದ್ದಿ ಓಡಲು ಬೇಕಾದ ಸೋಡಿಯಂ ಬಾಗಿಲಿನ ಜೀನು ಅಂಥ ಒಂದು ನೊಣದಲ್ಲಿ ಕೆಟ್ಟಿತ್ತು ಎಂದು ಮುಂದೆ ತಿಳಿಯಿತು. ಮನುಷ್ಯರಲ್ಲೂ ಅದೇ ವಂಶದ ಜೀನುಗಳಿವೆ. ಅವುಗಳಲ್ಲಿ ಒಂದು ಕೆಟ್ಟರೆ ಡ್ರಾವೆ ಎಂಬ ಕಠಿಣ ಅಪಸ್ಮಾರ ಬರುತ್ತದೆ, ಎಳೆಗೂಸಿಗೆ ಜ್ವರ ಏರಿದಾಗ ಫಿಟ್ಸ್ ಶುರುವಾಗುತ್ತದೆ. ಜ್ವರದಲ್ಲಿ ಒಮ್ಮೆ ಫಿಟ್ಸ್ ಬಂದ ಮಕ್ಕಳಲ್ಲಿ ಬಹುಪಾಲು ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತಾರೆ, ಗಾಬರಿಯಾಗಬೇಡಿ, ವೈದ್ಯರಿಗೆ ತೋರಿಸಿ. ನಾನು ಹೇಳಬೇಕಾದದ್ದು, ಬಾಳೆಹಣ್ಣಿನ ನೊಣದಿಂದ ಮಗುವಿನ ತೊಟ್ಟಿಲವರೆಗೆ ದಾರಿ ಇದೆ ಎಂಬುದು. ಸಿದ್ದೀಕಿಯವರ ಶಿಷ್ಯೆ ವೆರೋನಿಕಾ ರೋಡ್ರಿಗ್ಸ್ ಅದೇ ನೊಣದ ರುಚಿ, ವಾಸನೆಗಳ ಬಗ್ಗೆ ಕೆಲಸ ಮಾಡಿ ದೊಡ್ಡ ಹೆಸರು ಪಡೆದರು. ಸಿದ್ದೀಕಿಯವರಿಗೆ 2006ರಲ್ಲಿ ಪದ್ಮವಿಭೂಷಣ ಬಂತು. ಎಂಬತ್ತು ದಾಟಿದ ಮೇಲೂ ಪ್ರಯೋಗಾಲಯಕ್ಕೆ ಬರುತ್ತಿದ್ದ ಅವರು 2013ರ ಜುಲೈ 26ರಂದು ಬೆಂಗಳೂರಿನಲ್ಲಿ ರಸ್ತೆ ಅಪಘಾತದ ಗಾಯಗಳಿಂದ ತೀರಿಕೊಂಡರು.

ಇನ್ನು ದುಡ್ಡಿನ ಮಾತು. ದಾನಿಗಳು ಇಲ್ಲಿದ್ದಾರೆ, ಬಿಚ್ಚಿ ಹೇಳುತ್ತೇನೆ.

ಈ ದಾರಿ ಉದ್ದ. ಬಿಎಸ್ಸಿ ಮೂರು ಅಥವಾ ನಾಲ್ಕು ವರ್ಷ, ಎಂಎಸ್ಸಿ ಎರಡು, ಪಿಎಚ್‌ಡಿ ಐದಾರು, ಆಮೇಲೆ ಪೋಸ್ಟ್‌ಡಾಕ್ ಎಂದು ಇನ್ನೆರಡು ಮೂರು ವರ್ಷ ಊರೂರು ಸುತ್ತಾಟ. ಕೊನೆಗೆ ವಿಜ್ಞಾನಿಯ ಕಾಯಂ ಹುದ್ದೆ ಎಲ್ಲರಿಗೂ ಸಿಗುವುದಿಲ್ಲ, ಕೆಲವರಿಗೇ ಸಿಗುತ್ತದೆ. ಉಳಿದವರು ಔಷಧಿ ಕಂಪನಿಗಳಿಗೆ, ರೋಗಪತ್ತೆ ಲ್ಯಾಬುಗಳಿಗೆ ಹೋಗುತ್ತಾರೆ, ನನ್ನ ಹಾಗೆ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಈ ಕಡೆ ಕರೆಯುವುದು ನ್ಯಾಯವಲ್ಲ. ಪ್ರಯೋಗಗಳಲ್ಲಿ ಹೆಚ್ಚಿನವು ಕೈಕೊಡುತ್ತವೆ. ನನ್ನ ಪಿಎಚ್‌ಡಿಯ ಮೂರನೆಯ ವರ್ಷದಲ್ಲಿ ಹನ್ನೊಂದು ತಿಂಗಳು ಒಂದೇ ಪ್ರೋಟೀನನ್ನು ಶುದ್ಧ ಮಾಡಲು ಕೂತಿದ್ದೆ. ಮನೆಯಲ್ಲಿ ಅಮ್ಮಿ ಪ್ರತಿ ವಾರ ಫೋನಿನಲ್ಲಿ "ಆಯ್ತಾ ಬೇಟಿ, ಅದು?" ಎಂದು ಕೇಳುತ್ತಿದ್ದರು, ಏನೆಂದು ಗೊತ್ತಿಲ್ಲದಿದ್ದರೂ.

ಆದರೆ ದುಡ್ಡಿನ ಲೆಕ್ಕದಲ್ಲಿ ಜನ ಅಂದುಕೊಂಡಷ್ಟು ಕಷ್ಟವಿಲ್ಲ. ವೈದ್ಯಕೀಯ ಸೀಟಿಗೆ ನಾವು ಕೊಡಬೇಕು. ಸಂಶೋಧನೆಯಲ್ಲಿ ನಮಗೆ ಕೊಡುತ್ತಾರೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಬಿಎಸ್ಸಿ ಮುಗಿಸಿ ಜ್ಯಾಮ್ ಪರೀಕ್ಷೆ ಬರೆದು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ನೇರವಾಗಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಬಹುದು. ಎನ್‌ಸಿಬಿಎಸ್‌ಗೆ ಟಾಟಾ ಸಂಸ್ಥೆಯದೇ ಪ್ರವೇಶ ಪರೀಕ್ಷೆ ಇದೆ. ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನದ ಬಿಎಸ್ಸಿ ಸೇರುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಕೊನೆಯ ದಿನಾಂಕಗಳು, ನಿಯಮಗಳು ವರ್ಷವರ್ಷ ಬದಲಾಗುತ್ತವೆ, ಅರ್ಜಿ ಹಾಕುವ ಮುಂಚೆ ನೋಡಿಕೊಳ್ಳಿ. ಅಲ್ಪಸಂಖ್ಯಾತ ಸಂಶೋಧಕರಿಗೆ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿದೆ. ಇನ್ನೂ ಅದನ್ನೇ ನಂಬಿ ಕೂತವರಿದ್ದರೆ ಇವತ್ತೇ ಬೇರೆ ದಾರಿ ಹುಡುಕಿ.

ಹಾಗಾದರೆ ನಮ್ಮ ಮಕ್ಕಳು ಎಲ್ಲಿ ಕಳಚಿಕೊಳ್ಳುತ್ತಾರೆ? ನಾನು ಕಂಡ ಹಾಗೆ ಎರಡು ಜಾಗದಲ್ಲಿ. ಒಂದು, ಪಿಯುಸಿ ಆದ ಕೂಡಲೇ. ಎರಡನೆಯ ಸಲ ನೀಟ್ ಬರೆದು ಸೀಟು ಸಿಗದ ಹುಡುಗ, ಮೂರನೆಯ ಸಲದ ಕೋಚಿಂಗಿಗೆ ತಾಯಿಯ ಬಳೆ ಅಡವಿಡುವ ಮಾತು. ಇವತ್ತು ಬೆಳಗ್ಗೆ ಗೇಟಿನ ಬಳಿ ಒಬ್ಬ ತಂದೆ ನನ್ನನ್ನು ಇದನ್ನೇ ಕೇಳಿದರು. ಭಾಯಿಜಾನ್, ನಿಮ್ಮ ಮಗನಿಗೆ ರೋಗಿಯನ್ನು ಮುಟ್ಟಿ ನೋಡುವ ಆಸೆ ಇದ್ದರೆ ಇನ್ನೊಂದು ಸಲ ಬರೆಯಲಿ. ರೋಗ ಏಕೆ ಬರುತ್ತದೆ ಎಂದು ತಿಳಿಯುವ ಆಸೆ ಇದ್ದರೆ ಮೈಸೂರಿನಲ್ಲಿ ಬಿಎಸ್ಸಿ ಸೇರಿಸಿ, ಬಳೆ ಮನೆಯಲ್ಲೇ ಇರಲಿ. ಬಿಎಸ್ಸಿ ಎಂದರೆ ಸೋತವರು ಹೋಗುವ ಜಾಗ ಎಂದು ಮಗನ ಮುಂದೆ ಮಾತ್ರ ಹೇಳಬೇಡಿ.

ಇನ್ನೊಂದು, ಎಂಎಸ್ಸಿ ಮುಗಿದು ಫೆಲೋಶಿಪ್ ಸಿಗುವವರೆಗಿನ ಒಂದು ವರ್ಷ. ಅಲ್ಲಿ ಕಾಲೇಜೂ ಇಲ್ಲ, ಸಂಬಳವೂ ಇಲ್ಲ. ಹಾಸ್ಟೆಲ್ ಬಿಡಬೇಕು, ಪರೀಕ್ಷೆಯ ಫೀಸು ಕಟ್ಟಬೇಕು, ಸಂದರ್ಶನಕ್ಕೆ ಪುಣೆಗೋ ಹೈದರಾಬಾದಿಗೋ ಹೋಗಬೇಕು. ಹುಡುಗನಾದರೆ ಅಂಗಡಿಯಲ್ಲಿ ಕೂರಿಸುತ್ತಾರೆ, ಹುಡುಗಿಯಾದರೆ ಗಂಡು ನೋಡುತ್ತಾರೆ. ಮದುವೆ ಆಗಲಿ, ನನಗೂ ಪಿಎಚ್‌ಡಿಯ ನಡುವೆಯೇ ಆಯಿತು. ನಿಕಾಹ್ ಮಾತು ನಡೆಯುವಾಗ ನಮ್ಮ ಅಬ್ಬಾ ಗಂಡಿನ ಕಡೆಯವರಿಗೆ ಹೇಳಿದ್ದು ಒಂದೇ, ಇವಳ ನೊಣಗಳಿಗೆ ಇನ್ನೆರಡು ವರ್ಷ ಊಟ ಹಾಕಬೇಕು, ಒಪ್ಪಿದರೆ ಬನ್ನಿ. ಅವರು ಒಪ್ಪಿದರು. ನಾನು ಸಾಕುತ್ತಿದ್ದದ್ದು ನೊಣವಲ್ಲ, ಕರುಳಿನ ಕೋಶ. ಅಬ್ಬಾನಿಗೆ ಅದು ಯಾವಾಗಲೂ ನೊಣವೇ.

ನಮ್ಮ ಟ್ರಸ್ಟಿನ ಅರ್ಜಿಯನ್ನು ನಿನ್ನೆ ರಾತ್ರಿ ಓದಿದೆ. ಕೋರ್ಸ್ ಎಂಬ ಕಾಲಂನಲ್ಲಿ ಎಂಬಿಬಿಎಸ್, ಬಿಇ, ನರ್ಸಿಂಗ್, ಡಿಪ್ಲೊಮಾ, ಐಟಿಐ, ಕೊನೆಗೆ 'ಇತರೆ' ಎಂದಿದೆ. ಬಿಎಸ್ಸಿ, ಎಂಎಸ್ಸಿ ಇರುವುದು ಆ 'ಇತರೆ'ಯಲ್ಲಿ, ಮೊತ್ತವೂ ಅರ್ಧ. ಐಟಿಐ, ನರ್ಸಿಂಗ್ ಮಾಡುವ ಮಗುವಿನ ಪಾಲಿನಿಂದ ಒಂದು ರೂಪಾಯಿ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಆ ಮಕ್ಕಳು ಬೇಗ ದುಡಿದು ಮನೆ ಎತ್ತುತ್ತಾರೆ, ಅದು ಮೊದಲು ಆಗಬೇಕು. ಕೇಳುತ್ತಿರುವುದು ಮೂಲವಿಜ್ಞಾನಕ್ಕೆ ಒಂದು ಬೇರೆ ಸಾಲು, ಮತ್ತು ಎಂಎಸ್ಸಿ ನಂತರದ ಆ ಖಾಲಿ ವರ್ಷಕ್ಕೆ ವರ್ಷಕ್ಕೆ ಇಬ್ಬರೇ ಇಬ್ಬರಿಗೆ ಪರೀಕ್ಷೆಯ ಫೀಸು, ರೈಲಿನ ಖರ್ಚು, ಒಂದು ಪಿ.ಜಿ. ಕೋಣೆಯ ಬಾಡಿಗೆ. ಫೆಲೋಶಿಪ್ ಬಂದ ಮೇಲೆ ಅವರಿಗೆ ನಮ್ಮ ದುಡ್ಡು ಬೇಕಾಗುವುದಿಲ್ಲ. ಮೊದಲ ಹುಡುಗಿಯ ಒಂದು ವರ್ಷದ ಖರ್ಚನ್ನು ನಾನು ಮತ್ತು ನಮ್ಮ ಮನೆಯವರು ಕೊಡುತ್ತೇವೆಂದು ಅಧ್ಯಕ್ಷರಿಗೆ ಬರೆದುಕೊಟ್ಟಿದ್ದೇನೆ. ಎರಡನೆಯವರಿಗೆ ಇಲ್ಲಿ ಯಾರಾದರೂ ಮುಂದೆ ಬಂದರೆ ಈ ವರ್ಷದಿಂದಲೇ ಶುರು ಮಾಡಬಹುದು.

ಊಟದ ನಂತರ ನಾನು ಅರ್ಜಿ ತೆಗೆದುಕೊಳ್ಳುವ ಮೇಜಿನ ಪಕ್ಕದಲ್ಲೇ ಕೂತಿರುತ್ತೇನೆ. ಬಿಎಸ್ಸಿಯ ಕೊನೆಯ ವರ್ಷದಲ್ಲಿರುವವರು ಮಾರ್ಕ್ಸ್ ಕಾರ್ಡ್ ತನ್ನಿ, ಜ್ಯಾಮ್ ಅರ್ಜಿ ತುಂಬುವುದು ಹೇಗೆಂದು ಫೋನಿನಲ್ಲೇ ತೋರಿಸುತ್ತೇನೆ. ತಂದೆತಾಯಿಯರೂ ಜೊತೆಗೆ ಬನ್ನಿ, ಹಾಸ್ಟೆಲಿನ ಬಗ್ಗೆ ನಿಮಗಿರುವ ಪ್ರಶ್ನೆಗಳು ಮಕ್ಕಳ ಪ್ರಶ್ನೆಗಳಿಗಿಂತ ಹೆಚ್ಚೆಂದು ನನಗೆ ಗೊತ್ತು.